ಗೋಡೆಗೇರಿದ ರದ್ದಿ

ಮಿಕ್ಸಿ ಬರುವ ಮೊದಲು ನಮ್ಮ ಕಡೆಯ ಒರಳುಕಲ್ಲಿಗೆ ಆಗಾಗ ಅಡುಗೆಗೆ ಸಂಬಂಧವಿಲ್ಲದ ಕೆಲಸವೊಂದು ಬೀಳುತ್ತಿತ್ತು: ನೆನೆಸಿದ ರದ್ದಿ ಕಾಗದವನ್ನು ಮೆಂತ್ಯದ ಜೊತೆ ರುಬ್ಬುವುದು. ಬಿದಿರಿನ ಮೊರದ ಸಂದಿಗಳಲ್ಲಿ ಹಿಟ್ಟು, ರವೆ ಸೋರದಂತೆ ಆ ಮುದ್ದೆಯನ್ನು ಮೆತ್ತುತ್ತಿದ್ದರು. ಬೋರಲು ಹಾಕಿದ ಪಾತ್ರೆಯ ಮೇಲೆ ತಟ್ಟಿ, ಒಣಗಿಸಿ, ಬುಟ್ಟಿಯನ್ನೂ ಮಾಡುತ್ತಿದ್ದರು. ಮೆಂತ್ಯದ ಲೋಳೆಯೇ ಅಂಟು; ಅದರ ಕಹಿಗೆ ಹುಳ ಬರುವುದಿಲ್ಲ ಎಂಬ ನಂಬಿಕೆ ಬೇರೆ. ಮನೆಯ ರಟ್ಟು, ಹಳೇ ಪೇಪರಿನಿಂದ ಗೋಡೆಗೆ ಅಲಂಕಾರದ ಫಲಕ ಮಾಡಹೊರಟವರಿಗೆ ಇಂದಿಗೂ ಆ ಮುದ್ದೆಗಿಂತ ಒಳ್ಳೆಯ ಸಾಮಗ್ರಿ ಇಲ್ಲ. ಇದನ್ನು ಶಾಲಾ ಮಕ್ಕಳ ‘ಕಸದಿಂದ ರಸ’ ಸ್ಪರ್ಧೆಗಷ್ಟೇ ಬಿಟ್ಟುಕೊಡುವುದು ಅನ್ಯಾಯ. ಇದು ಕೈ ಪಳಗಬೇಕಾದ ಕಸುಬು.

ಶ್ರೀನಗರದಲ್ಲಿ ಝೇಲಂ ದಂಡೆಯ ಖಾನ್ಖಾ-ಎ-ಮೌಲಾ ಎಂಬ ಸೂಫಿ ಪ್ರಾರ್ಥನಾಲಯದ ಒಳಗೋಡೆ, ಚಾವಣಿಗಳನ್ನು ನೋಡಿದವರು ಈ ಮಾತನ್ನು ಒಪ್ಪುತ್ತಾರೆ. ಅಲ್ಲಿ ತುಂಬಿರುವ ಹೂಬಳ್ಳಿಗಳು ಕಾಶ್ಮೀರದ ಪೇಪಿಯೆ ಮಾಶೆ, ಅಂದರೆ ಕಾಗದದ ಮುದ್ದೆಯ ಕಲೆಯವು. 14ನೇ ಶತಮಾನದ ಸೂಫಿ ಸಂತ ಮೀರ್ ಸೈಯದ್ ಅಲಿ ಹಮದಾನಿ ಅವರ ಜೊತೆ ಬಂದ ಕುಶಲಕರ್ಮಿಗಳು ಈ ವಿದ್ಯೆಯನ್ನು ತಂದರೆಂದು ಅಲ್ಲಿನವರು ಹೇಳುತ್ತಾರೆ. ಕಾಗದವನ್ನು ದಿನಗಟ್ಟಲೆ ನೆನೆಸಿ, ಕುಟ್ಟಿ, ಅನ್ನದ ಗಂಜಿ ಬೆರೆಸಿ ಅಚ್ಚಿನ ಮೇಲೆ ಆಕಾರ ಕೊಡುವುದು ‘ಸಖ್ತ್‌ಸಾಜಿ’. ಅದರ ಮೇಲೆ ಬಣ್ಣದ ಕುಸುರಿ ಬಿಡಿಸುವುದು ‘ನಕ್ಕಾಶಿ’. ಹುಳ ಹತ್ತದಿರಲು ಅವರು ಬಳಸುವುದು ಮೈಲುತುತ್ತ. ನಮ್ಮ ಮನೆಗಳಲ್ಲಿ ಆ ಕೆಲಸ ಮೆಂತ್ಯಕ್ಕೆ ಬಿದ್ದಿತ್ತು.

ಬಿಹಾರದ ಮಿಥಿಲೆಯಲ್ಲೂ ಇದು ಹೆಂಗಸರ ಕೈಗಸುಬು. ಮಧುಬನಿ ಜಿಲ್ಲೆಯ ಸುಭದ್ರಾ ದೇವಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ಇದೇ ಕಾಗದದ ಮುದ್ದೆಯ ಕಲೆಗಾಗಿ. ಆ ಸುದ್ದಿ ನಮ್ಮಲ್ಲಿ ಇನ್ನಷ್ಟು ಸದ್ದು ಮಾಡಬೇಕಿತ್ತು.

ಫಲಕಕ್ಕೆ ತಳ ಬೇಕು. ಮನೆಗೆ ಸಾಮಾನು ಬರುವ ರಟ್ಟಿನ ಡಬ್ಬ ಅದಕ್ಕೆ ಸಾಕು. ಎರಡು ಹಾಳೆಗಳ ನಡುವೆ ಅಲೆಯಲೆಯಾಗಿ ಮಡಿಸಿದ ಕಾಗದವಿರುವುದೇ ಅದರ ಗಟ್ಟಿತನದ ಗುಟ್ಟು. ಇಂಗ್ಲೆಂಡಿನಲ್ಲಿ 1856ರಲ್ಲಿ ಅಲೆಗಾಗದಕ್ಕೆ ಪೇಟೆಂಟ್ ಪಡೆದದ್ದು ಪೆಟ್ಟಿಗೆಗಲ್ಲ, ಉದ್ದನೆಯ ಟೋಪಿಗಳ ಒಳಪದರಕ್ಕೆ. ಡಬ್ಬದ ಟೇಪು ಕಿತ್ತು ಎರಡು ತುಂಡು ಕತ್ತರಿಸಿ, ಒಂದರ ಅಲೆ ಉದ್ದಕ್ಕೆ, ಇನ್ನೊಂದರ ಅಲೆ ಅಡ್ಡಕ್ಕೆ ಬರುವಂತೆ ಅಂಟಿಸಬೇಕು. ಹೀಗೆ ಮಾಡದಿದ್ದರೆ ತಳ ಸುಲಭವಾಗಿ ಬಾಗುತ್ತದೆ.

ಮುದ್ದೆಗೆ ಪತ್ರಿಕೆ, ನೋಟ್‌ಬುಕ್ ಹಾಳೆ, ಮೊಟ್ಟೆಯ ಟ್ರೇ ಆಗುತ್ತವೆ. ಟ್ರೇ ಮೊದಲೇ ಕಾಗದದ ತಿರುಳಿನಿಂದ ಆದದ್ದು, ಬೇಗ ಕರಗುತ್ತದೆ. ಮಿರುಗುವ ಹೊದಿಕೆಯ ಕಾಗದ ಮಾತ್ರ ಹಠಮಾರಿ, ಬೇಡ. ರಾತ್ರಿ ನೆನೆಸಿ, ಧಾರಾಳವಾಗಿ ನೀರು ಹಾಕಿ ರುಬ್ಬಿ, ಹಿಂಡಿ, ನೆನೆಸಿ ಅರೆದ ಮೆಂತ್ಯ ಕಲಸಿದರೆ ಚಪಾತಿ ಹಿಟ್ಟಿನ ಹದಕ್ಕೆ ಬರುತ್ತದೆ. ಇಲ್ಲಿಂದ ಮುಂದೆ ಅವಸರ ಮಾಡಿದವರು ಕೆಟ್ಟರು. ದಪ್ಪ ಪದರ ಒಮ್ಮೆಲೇ ಹಾಕಿದರೆ ಒಳಗೆ ಹಸಿಯಾಗೇ ಉಳಿದು ಬೂಷ್ಟು ಹಿಡಿಯುತ್ತದೆ. ಸುಡುಬಿಸಿಲಿಗಿಟ್ಟರೆ ಮೇಲ್ಮೈ ಮೊದಲು ಒಣಗಿ ಬಿರಿಯುತ್ತದೆ. ಒಣಗುವಾಗ ಮುದ್ದೆ ಕುಗ್ಗುವುದರಿಂದ ಒಂದೇ ಬದಿಗೆ ಮೆತ್ತಿದ ಹಲಗೆ ಆ ಬದಿಗೆ ಬಾಗುತ್ತದೆ. ಹಿಂಬದಿಗೂ ತೆಳ್ಳಗೆ ಬಳಿಯಬೇಕು. ಗಾಳಿಯಾಡುವ ನೆರಳು, ಪದರ ಪದರವಾಗಿ ತಾಳ್ಮೆ, ಕೊನೆಗೆ ಮರಳು ಕಾಗದದಲ್ಲಿ ಉಜ್ಜಿ ಸೀಮೆಸುಣ್ಣದ ಪುಡಿಗೆ ಅಂಟು ಬೆರೆಸಿ ಒಂದು ಲೇಪ. ನೈಸಾದ ಮೈ ಬಂದ ಮೇಲೇ ಬಣ್ಣ.

ಟಾಯ್ಲೆಟ್ ರೋಲಿನ ಬಳೆಗಳನ್ನು ಕೂಡಿಸಿ ಹೂ ಮಾಡುವುದು, ಲಗ್ನಪತ್ರಿಕೆ ಕತ್ತರಿಸಿ ಅಂಟಿಸುವುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಕರ್ನಾಟಕದವರು ಮಲೆನಾಡಿನ ದೀವರ ಮನೆಗಳ ಚಿತ್ತಾರದ ಕಡೆ ಕಣ್ಣು ಹಾಯಿಸಲಿ ಎಂಬುದು ನನ್ನ ಆಸೆ. ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಯ ಬಿಳಿ, ಸುಟ್ಟಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ: ಆ ನೇರಗೆರೆಗಳ ಲೆಕ್ಕಾಚಾರ ಕಾಗದದ ಮುದ್ದೆಯ ಫಲಕಕ್ಕೆ ಚೆನ್ನಾಗಿ ಒಗ್ಗುತ್ತದೆ. ಆದರೆ ಅದನ್ನು ಬರೆಯುವವರು ಚಿತ್ತಾರ ಬರೆಯುವ ದೀವರ ಹೆಣ್ಣುಮಕ್ಕಳಿಂದಲೇ ಕಲಿತು, ಅವರ ಹೆಸರು ಹೇಳಿ ಬರೆಯಬೇಕು.

ತೂಗುಹಾಕುವ ಗೋಡೆ ಒಣಗಿರಲಿ. ತೇವ ಹಿಡಿಯುವ ಗೋಡೆಯಾದರೆ ಮಳೆಗಾಲ ಮುಗಿಯುವವರೆಗೆ ಫಲಕವನ್ನು ಇಳಿಸಿಡುವುದು ಮೇಲು. ಮೂಲೆ ಮುರಿದರೆ ಬಿಸಾಡಬೇಕಿಲ್ಲ. ಒಂದು ಹಿಡಿ ಹೊಸ ಮುದ್ದೆ ಮೆತ್ತಿ, ಒಣಗಿಸಿ, ಅಷ್ಟಕ್ಕೇ ಬಣ್ಣ ಹಚ್ಚಿದರಾಯಿತು.