ಕಾರಿನ ಬೆನ್ನಿಗೊಂದು ರೆಕ್ಕೆ: ಹಾರಲಿಕ್ಕಲ್ಲ, ನೆಲ ಬಿಡದಿರಲಿಕ್ಕೆ

1969ರ ಮೇ 4. ಸ್ಪೇನಿನ ಬಾರ್ಸಿಲೋನಾ ನಗರದ ಮೋಂಜುಯಿಕ್ ಗುಡ್ಡದ ರಸ್ತೆಗಳಲ್ಲಿ ಫಾರ್ಮುಲಾ ಒನ್ ಸ್ಪರ್ಧೆ ನಡೆದಿತ್ತು. ಲೋಟಸ್ ತಂಡದ ಗ್ರಹಾಂ ಹಿಲ್ ಅವರ ಕಾರು ದಿಬ್ಬವೊಂದನ್ನು ದಾಟುತ್ತಿದ್ದಂತೆ, ಅದರ ಹಿಂಭಾಗದಲ್ಲಿ ಎತ್ತರದ ಸಪೂರ ಕಂಬಿಗಳ ಮೇಲೆ ನಿಂತಿದ್ದ ರೆಕ್ಕೆ ಮುರಿದು ಮಡಚಿಕೊಂಡಿತು. ಹಿಡಿತ ತಪ್ಪಿದ ಕಾರು ರಸ್ತೆಯಂಚಿನ ತಡೆಬೇಲಿಗೆ ಅಪ್ಪಳಿಸಿತು. ಕೆಲವು ಸುತ್ತುಗಳ ಬಳಿಕ ಅದೇ ಜಾಗದಲ್ಲಿ, ಅದೇ ಮಾದರಿಯ ಕಾರಿನಲ್ಲಿ ಮುಂಚೂಣಿಯಲ್ಲಿದ್ದ ಯೋಖೆನ್ ರಿಂಟ್ ಅವರಿಗೂ ಅದೇ ಗತಿಯಾಯಿತು. ಹಿಲ್ ಹೆಚ್ಚಿನ ಗಾಯವಿಲ್ಲದೆ ಪಾರಾದರು. ರಿಂಟ್ ಮುಖದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದರು. ಆ ಬಳಿಕದ ಮೊನಾಕೋ ಸ್ಪರ್ಧೆಯಲ್ಲಿ ಅಭ್ಯಾಸ ಆರಂಭವಾದ ಮೇಲೆಯೇ ರೆಕ್ಕೆಗಳನ್ನು ನಿಷೇಧಿಸಲಾಯಿತು. ಮುಂದೆ ಅವಕ್ಕೆ ಮತ್ತೆ ಅವಕಾಶ ದೊರೆತದ್ದು ಎತ್ತರದ ಮಿತಿ ಮತ್ತು ಕಾರಿನ ಒಡಲಿಗೇ ಭದ್ರವಾಗಿ ಜೋಡಿಸಬೇಕೆಂಬ ಷರತ್ತಿನ ಮೇಲೆ.

ಅಂದು ಮುರಿದದ್ದು ಜಗತ್ತಿನ ಶ್ರೇಷ್ಠ ರೇಸ್ ತಂಡಗಳಲ್ಲೊಂದು ತಯಾರಿಸಿದ ರೆಕ್ಕೆ. ಇಂದು ಅಂಥದ್ದೇ ರೆಕ್ಕೆ ಪೆಟ್ಟಿಗೆಯಲ್ಲಿ ತುಂಬಿಕೊಂಡು ಮನೆ ಬಾಗಿಲಿಗೆ ಬರುತ್ತದೆ. ಜಪಾನ್, ಅಮೆರಿಕ, ಜರ್ಮನಿಗಳಲ್ಲಿ ಸ್ಪೋರ್ಟ್ಸ್ ಕಾರಿಗೆ ಹೊರಗಿನಿಂದ ಬಿಡಿಭಾಗ ತಂದು ಜೋಡಿಸುವುದು ದಶಕಗಳಿಂದ ಬೆಳೆದುಬಂದ ದೊಡ್ಡ ವ್ಯಾಪಾರ. ಡಿಕ್ಕಿಯ ಮುಚ್ಚಳಕ್ಕೆ ನಾಲ್ಕು ತೂತು ಕೊರೆದು ಎಂಟು ಬೋಲ್ಟು ಬಿಗಿದರೆ ಕೆಲಸ ಮುಗಿಯಿತು ಎಂದು ಭಾವಿಸುವವರು ಕಡಿಮೆಯೇನಿಲ್ಲ. ಆದರೆ ನಿಜವಾದ ಕೆಲಸ ಆರಂಭವಾಗುವುದೇ ಅಲ್ಲಿಂದ.

ತಗಡಿನ ಮಾಡು ಹಾರುವುದೇಕೆ?

ಆಷಾಢದ ಗಾಳಿಗೆ ಮನೆಯ ಮಾಡಿನ ತಗಡು ಹಾರಿಹೋಗುವುದನ್ನು ಕಂಡವರಿಗೆ ಈ ವಿಷಯ ಸುಲಭವಾಗಿ ಅರ್ಥವಾದೀತು. ತಗಡನ್ನು ಗಾಳಿ ಕೆಳಗಿನಿಂದ ನೂಕುವುದಷ್ಟೇ ಅಲ್ಲ. ಮಾಡಿನ ಮೇಲೆ ವೇಗವಾಗಿ ಹರಿಯುವ ಗಾಳಿಯ ಒತ್ತಡ ಕುಸಿದು, ಒಳಗಿನ ನಿಂತ ಗಾಳಿಯ ಒತ್ತಡವೇ ತಗಡನ್ನು ಎತ್ತಿಹಾಕುತ್ತದೆ. ಕಾರಿನ ಬೆನ್ನೂ ಒಂದು ಬಗೆಯ ಮಾಡು. ಮುಂಗಾಜಿನಿಂದ ಏರಿ ಹಿಂಬದಿಗೆ ನಯವಾಗಿ ಇಳಿಯುವ ಆಕಾರದ ಮೇಲೆ ಗಾಳಿ ಅಂಟಿಕೊಂಡು ಹರಿದಷ್ಟೂ ಹಿಂಭಾಗ ಮೇಲೆತ್ತಲ್ಪಡುತ್ತದೆ. ಕಣ್ಣಿಗೆ ಸುಂದರವಾಗಿ ಕಾಣುವ ದುಂಡು ಬೆನ್ನಿನ ಕಾರುಗಳಲ್ಲಿ ಈ ಕಾಟ ಹೆಚ್ಚು.

1998ರಲ್ಲಿ ಮಾರುಕಟ್ಟೆಗೆ ಬಂದ ಆಡಿ ಟಿಟಿ ಇದಕ್ಕೆ ಕಹಿಯಾದ ಉದಾಹರಣೆ. ಗೋಲಾಕಾರದ ಬೆನ್ನಿನ ಆ ಪುಟ್ಟ ಕಾರನ್ನು ವಿನ್ಯಾಸ ಲೋಕ ಕೊಂಡಾಡಿತು. ಆದರೆ ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದಲ್ಲಿ ಪಥ ಬದಲಿಸುವಾಗ, ತಿರುವಿನಲ್ಲಿ ಥಟ್ಟನೆ ವೇಗ ತಗ್ಗಿಸುವಾಗ ಅದರ ಹಿಂಭಾಗ ಜಾರಿದ ಅಪಘಾತಗಳು ವರದಿಯಾದವು, ಸಾವುಗಳೂ ಸಂಭವಿಸಿದವು. 1999ರ ಕೊನೆಯ ವೇಳೆಗೆ ಕಂಪೆನಿ ಹಿಂಬದಿಗೆ ಒಂದು ಸಣ್ಣ ಸ್ಪಾಯ್ಲರ್, ಬದಲಾಯಿಸಿದ ಸಸ್ಪೆನ್ಷನ್ ಹಾಗೂ ಸ್ಥಿರತೆ ಕಾಯುವ ಇಎಸ್‌ಪಿ ವ್ಯವಸ್ಥೆಯನ್ನು ಅಳವಡಿಸಲು ತೊಡಗಿತು. ಆಗಲೇ ಮಾರಾಟವಾಗಿದ್ದ ಕಾರುಗಳನ್ನೂ ಕರೆಸಿಕೊಂಡಿತು. ಗಮನಿಸಬೇಕಾದ ಅಂಶವೆಂದರೆ, ಕಂಪೆನಿ ಸ್ಪಾಯ್ಲರ್ ಒಂದನ್ನೇ ಅಂಟಿಸಿ ಕೈತೊಳೆದುಕೊಳ್ಳಲಿಲ್ಲ.

ಸ್ಪಾಯ್ಲರ್ ಬೇರೆ, ರೆಕ್ಕೆ ಬೇರೆ

ಮಾತಿನಲ್ಲಿ ಎರಡನ್ನೂ ಒಂದೇ ಎನ್ನುವುದುಂಟು. ಆದರೆ ಸ್ಪಾಯ್ಲರ್ ಎಂಬುದು ಕಾರಿನ ಮೈಗೆ ಅಂಟಿಕೊಂಡೇ ಇರುವ ದಿಣ್ಣೆ. ಬೆನ್ನಿನ ಮೇಲೆ ನಯವಾಗಿ ಇಳಿಯುತ್ತಿದ್ದ ಗಾಳಿಯ ಹರಿವನ್ನು ಕೆಡಿಸಿ, ಮೇಲೆತ್ತುವ ಬಲವನ್ನು ತಗ್ಗಿಸುವುದಷ್ಟೇ ಅದರ ಕೆಲಸ. 1972ರಲ್ಲಿ ಪೋರ್ಷೆ ಕಂಪೆನಿ ತನ್ನ 911 ಕರೇರಾ ಆರ್‌ಎಸ್ ಕಾರಿಗೆ ಕೂರಿಸಿದ ಬಾತುಕೋಳಿಯ ಬಾಲದಂಥ ಮಡಿಕೆ ಇದಕ್ಕೆ ಹೆಸರಾಂತ ಮಾದರಿ. ಎಂಜಿನ್ನಿನ ಭಾರವೆಲ್ಲ ಹಿಂದಿದ್ದೂ ವೇಗದಲ್ಲಿ ಹಿಂಭಾಗ ಹಗುರಾಗುತ್ತಿದ್ದ ಆ ಕಾರನ್ನು ಈ ಪುಟ್ಟ ಬಾಲ ನೆಲಕ್ಕೆ ಹತ್ತಿರ ತಂದಿತು.

ರೆಕ್ಕೆ ಹಾಗಲ್ಲ. ಅದು ಮೈಯಿಂದ ದೂರ, ಕಂಬಿಗಳ ಮೇಲೆ ಗಾಳಿಯ ನಡುವೆ ನಿಲ್ಲುತ್ತದೆ. ವಿಮಾನದ ರೆಕ್ಕೆಯನ್ನು ಮಗುಚಿ ಹಾಕಿದರೆ ಕಾರಿನ ರೆಕ್ಕೆ. ಎತ್ತುವ ಬದಲು ಅದು ಕೆಳಕ್ಕೆ ಒತ್ತುತ್ತದೆ. ಕಾರಿನ ತೂಕ ಹೆಚ್ಚಿಸದೆ ಟೈರುಗಳ ಮೇಲಿನ ಭಾರ ಹೆಚ್ಚಿಸುವ ಉಪಾಯವಿದು. 1966ರಲ್ಲಿ ಟೆಕ್ಸಾಸಿನ ಜಿಮ್ ಹಾಲ್ ತಮ್ಮ ಚಪರಾಲ್ 2ಇ ರೇಸ್ ಕಾರಿನ ಮೇಲೆ ಎತ್ತರದ ರೆಕ್ಕೆ ನಿಲ್ಲಿಸಿದಾಗ ನೋಡಿದವರು ಬೆರಗಾದರು. ಆ ರೆಕ್ಕೆಯ ಕಂಬಿಗಳು ನೇರವಾಗಿ ಹಿಂಚಕ್ರಗಳ ಜೋಡಣೆಗೇ ಭಾರ ಹೊರಿಸುತ್ತಿದ್ದವು. ನೇರ ರಸ್ತೆಯಲ್ಲಿ ಚಾಲಕ ಕಾಲಿನಿಂದ ಪೆಡಲ್ ಒತ್ತಿ ರೆಕ್ಕೆಯನ್ನು ಚಪ್ಪಟೆ ಮಲಗಿಸಬಹುದಿತ್ತು.

ಊರೊಳಗೆ ಕುಂಬಳಕಾಯಿ, ಟ್ರ್ಯಾಕಿನಲ್ಲಿ ಆಳಿನ ತೂಕ

ರೆಕ್ಕೆಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಒಂದೂವರೆ ಮೀಟರ್ ಉದ್ದ, 25 ಸೆಂಟಿಮೀಟರ್ ಅಗಲದ ಸಾಧಾರಣ ರೆಕ್ಕೆಯೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಅದರ ಒತ್ತುವ ಸಾಮರ್ಥ್ಯದ ಗುಣಾಂಕ 1 ಎಂದಿಟ್ಟುಕೊಂಡರೆ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಅದು ಹಿಂಬದಿಯನ್ನು ಒತ್ತುವುದು ಸುಮಾರು ನಾಲ್ಕೂವರೆ ಕಿಲೊ ಭಾರದಷ್ಟು. ಡಿಕ್ಕಿಯಲ್ಲೊಂದು ಕುಂಬಳಕಾಯಿ ಇಟ್ಟರೂ ಅಷ್ಟೇ ಆದೀತು. ನೂರು ಕಿ.ಮೀ.ಗೆ ಸುಮಾರು 18 ಕಿಲೊ. ಇನ್ನೂರಕ್ಕೆ ಹೋದಾಗ 70 ಕಿಲೊ ದಾಟುತ್ತದೆ. ಅಂದರೆ ಹಿಂದೆ ಒಬ್ಬ ಆಳು ಕುಳಿತಂತೆ. ಇದು ಸಮುದ್ರಮಟ್ಟದ ಲೆಕ್ಕ. ಒಂಬೈನೂರು ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಂಥ ಊರಿನಲ್ಲಿ ಗಾಳಿ ತೆಳುವಾಗಿರುವುದರಿಂದ ಇದರಲ್ಲೂ ಹತ್ತಿರಹತ್ತಿರ ಹತ್ತನೇ ಒಂದು ಭಾಗ ಕಡಿತ.

ಮುಂಭಾಗದ ಪಾಡೇನು?

ಹೊಸದಾಗಿ ರೆಕ್ಕೆ ಕೊಳ್ಳುವವರು ಸಾಮಾನ್ಯವಾಗಿ ಮರೆಯುವ ಸಂಗತಿ ಇದು. ರೆಕ್ಕೆ ನಿಲ್ಲುವುದು ಹಿಂದಿನ ಅಚ್ಚಿನ ಮೇಲಲ್ಲ, ಅದಕ್ಕೂ ಹಿಂದೆ. ಆಗ ಕಾರು ಏತದ ಮರದಂತೆ ವರ್ತಿಸುತ್ತದೆ. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತದೆ. ಎರಡೂವರೆ ಮೀಟರ್ ಅಚ್ಚಿನಂತರದ ಕಾರಿನಲ್ಲಿ ರೆಕ್ಕೆಯು ಹಿಂದಿನ ಅಚ್ಚಿಗಿಂತ 70 ಸೆಂಟಿಮೀಟರ್ ಹಿಂದಿದೆ ಎನ್ನೋಣ. ಅದು 70 ಕಿಲೊ ಒತ್ತಿದಾಗ ಹಿಂಚಕ್ರಗಳ ಮೇಲೆ ಬೀಳುವುದು 90 ಕಿಲೊ. ಹೆಚ್ಚುವರಿ 20 ಕಿಲೊ ಬಂದದ್ದೆಲ್ಲಿಂದ? ಮುಂಚಕ್ರಗಳಿಂದ. ಎತ್ತರದಲ್ಲಿ ನಿಂತ ರೆಕ್ಕೆಯನ್ನು ಗಾಳಿ ಹಿಂದಕ್ಕೆ ಎಳೆಯುವುದರಿಂದ ಮುಂಭಾಗ ಇನ್ನೂ ಸ್ವಲ್ಪ ಹಗುರಾಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಕಾರು ನೇರಕ್ಕೇ ನುಗ್ಗುವ ಪ್ರವೃತ್ತಿ, ಅಂದರೆ ಅಂಡರ್‌ಸ್ಟಿಯರ್, ಹುಟ್ಟುವುದು ಹೀಗೆ. ಮುಂಚಕ್ರ ಚಾಲನೆಯ ಕಾರಾದರಂತೂ ತಿರುಗಿಸುವ, ಎಳೆಯುವ ಎರಡೂ ಹೊಣೆ ಹೊತ್ತ ಚಕ್ರಗಳೇ ಹಿಡಿತ ಕಳೆದುಕೊಂಡಂತೆ.

ಅಮೆರಿಕದ ರೇಸ್ ಚಾಲಕ ಹಾಗೂ ತಂಡದ ಒಡೆಯ ಡಾನ್ ಗರ್ನಿ ಅವರ ಅನುಭವ ಇಲ್ಲಿ ಸ್ವಾರಸ್ಯಕರ. 1971ರಲ್ಲಿ ಫೀನಿಕ್ಸ್ ಟ್ರ್ಯಾಕಿನಲ್ಲಿ ಚಾಲಕ ಬಾಬಿ ಅನ್ಸರ್ ಅವರ ಕಾರು ವೇಗ ಪಡೆಯದೆ ಸತಾಯಿಸುತ್ತಿದ್ದಾಗ, ಗರ್ನಿ ರೆಕ್ಕೆಯ ಹಿಂದಂಚಿಗೆ ಲೋಹದ ಸಣ್ಣ ಪಟ್ಟಿಯೊಂದನ್ನು ಲಂಬವಾಗಿ ನಿಲ್ಲಿಸಿದರು. ಸುತ್ತಿನ ಸಮಯ ಮಾತ್ರ ಸುಧಾರಿಸಲಿಲ್ಲ. ನೋಡಿದವರು ಪ್ರಯೋಗ ಸೋತಿತೆಂದುಕೊಂಡರು. ಅನ್ಸರ್ ಗುಟ್ಟಾಗಿ ತಿಳಿಸಿದ್ದೇ ಬೇರೆ: ಹಿಂಭಾಗದ ಹಿಡಿತ ಎಷ್ಟು ಹೆಚ್ಚಿತ್ತೆಂದರೆ ಕಾರಿನ ಮುಂಭಾಗ ತಿರುವಿನಲ್ಲಿ ಹೊರಕ್ಕೆ ಜಾರುತ್ತಿತ್ತು. ಮುಂಭಾಗಕ್ಕೂ ಒತ್ತಡ ಸೇರಿಸಿ ಸರಿದೂಗಿಸಿದಾಗಲೇ ಆ ಪಟ್ಟಿಯ ಬೆಲೆ ಹೊರಬಿದ್ದದ್ದು. ಗರ್ನಿ ಫ್ಲ್ಯಾಪ್ ಎಂಬ ಹೆಸರಿನಲ್ಲಿ ಅದು ಇಂದಿಗೂ ಬಳಕೆಯಲ್ಲಿದೆ.

ಕಾರ್ಖಾನೆಗಳು ರೆಕ್ಕೆಯನ್ನು ಒಂಟಿಯಾಗಿ ಕೂರಿಸದಿರುವುದು ಇದೇ ಕಾರಣಕ್ಕೆ. 1969ರ ಡಾಜ್ ಚಾರ್ಜರ್ ಡೇಟೋನಾ ಕಾರಿನ ಎತ್ತರದ ರೆಕ್ಕೆ ಎಲ್ಲರ ಕಣ್ಣಿಗೆ ಬಿತ್ತು. ಅದರೊಂದಿಗೆ ಬಂದ ಉದ್ದನೆಯ ಚೂಪು ಮೂತಿಯೂ ಅಷ್ಟೇ ಮುಖ್ಯವಾಗಿತ್ತು. 2022ರಲ್ಲಿ ಹೊರಬಂದ ಪೋರ್ಷೆ 911 ಜಿಟಿ3 ಆರ್‌ಎಸ್, ಕಂಪೆನಿಯ ಪ್ರಕಾರ 200 ಕಿ.ಮೀ. ವೇಗದಲ್ಲಿ ಒಟ್ಟು 409 ಕಿಲೊ, 285 ಕಿ.ಮೀ.ಯಲ್ಲಿ 860 ಕಿಲೊ ಕೆಳಒತ್ತಡ ಪಡೆಯುತ್ತದೆ. ಅದರ ಹಿಂದಿನ ರೆಕ್ಕೆ ಬಾಗುವಾಗ ಮುಂಭಾಗದ ಅಡಿಯಲ್ಲಿರುವ ಫಲಕಗಳೂ ಜೊತೆಗೂಡಿ ಬಾಗುತ್ತವೆ. ಹೊರಗಿನಿಂದ ರೆಕ್ಕೆ ತಂದು ಹಾಕುವವರು ಕನಿಷ್ಠ ಮುಂಬಂಪರಿನ ಅಡಿಗೆ ಗಟ್ಟಿಯಾದ ಸ್ಪ್ಲಿಟರ್ ಹಲಗೆಯನ್ನಾದರೂ ಸೇರಿಸದಿದ್ದರೆ, ಕೊಟ್ಟ ಹಣಕ್ಕೆ ಸಿಗುವುದು ಅರ್ಧ ಕಾರಿನ ಹಿಡಿತ ಮಾತ್ರ.

ಯಾವುದಕ್ಕೆ ಬಿಗಿದಿದ್ದಾರೆ?

ಡಿಕ್ಕಿಯ ಮುಚ್ಚಳವೆಂದರೆ ತೆಳು ತಗಡು. ಅದನ್ನು ರೂಪಿಸಿದ್ದು ಮಳೆ ಧೂಳು ತಡೆಯಲಿಕ್ಕೆ, 70 ಕಿಲೊ ಹೊರಲಿಕ್ಕಲ್ಲ. ರೆಕ್ಕೆಯ ಕಂಬಿಯ ಪಾದ ಅಗಲವಿಲ್ಲದಿದ್ದರೆ ಭಾರವೆಲ್ಲ ಬೋಲ್ಟಿನ ಸುತ್ತಲ ಕಾಸಗಲ ಜಾಗದ ಮೇಲೆ ಬಿದ್ದು ತಗಡು ತಗ್ಗಾಗುತ್ತದೆ, ಆಮೇಲೆ ಬಿರಿಯುತ್ತದೆ. ದಿಬ್ಬ ತಗ್ಗುಗಳಲ್ಲಿ ಭಾರ ಏರಿಳಿದಂತೆ ಬಿರುಕು ಬೆಳೆಯುತ್ತದೆ. ಕೊರೆದ ತೂತಿನ ಅಂಚಿಗೆ ಬಣ್ಣ ಹಚ್ಚದೆ ಬಿಟ್ಟರೆ ತುಕ್ಕು ತನ್ನ ಪಾಲಿನ ಕೆಲಸ ಮಾಡುತ್ತದೆ. ಆದ್ದರಿಂದಲೇ ತಿಳಿದವರು ಮುಚ್ಚಳದ ಒಳಮೈಗೆ ಅಗಲವಾದ ಲೋಹದ ಪಟ್ಟಿ ಇಟ್ಟು ಭಾರ ಹಂಚುತ್ತಾರೆ. ರೇಸ್ ಕಾರುಗಳಲ್ಲಿ ಕಂಬಿಗಳು ಮುಚ್ಚಳವನ್ನು ಮುಟ್ಟದೆ ಅದರಡಿಯ ಚಾಸಿಗೇ ಇಳಿಯುತ್ತವೆ. ಕೇವಲ ಎರಡು ಬದಿ ಅಂಟುವ ಟೇಪಿನಿಂದ ನಿಲ್ಲಿಸಿದ ರೆಕ್ಕೆ ಹೆದ್ದಾರಿಯಲ್ಲಿ ಕಿತ್ತುಬಂದರೆ ಪೆಟ್ಟು ತಿನ್ನುವವನು ಹಿಂದೆ ಬರುವ ಬೈಕ್ ಸವಾರ.

ಕಂಬಿಗಳ ಆಕಾರದಲ್ಲೂ ಒಂದು ಸೂಕ್ಷ್ಮವಿದೆ. ರೆಕ್ಕೆಯ ಮೇಲ್ಮೈ ಒತ್ತಿಸಿಕೊಳ್ಳುತ್ತದೆ ಎಂಬುದು ಅರ್ಧ ಸತ್ಯ. ಅಡಿಯಲ್ಲಿ ವೇಗವಾಗಿ ಹರಿಯುವ ಗಾಳಿ ಉಂಟುಮಾಡುವ ಸೆಳೆತವೇ ಹೆಚ್ಚಿನ ಪಾಲು. ಅಡಿಯಿಂದ ಆಧಾರ ಕೊಟ್ಟರೆ ಕಂಬಿಗಳೇ ಆ ಹರಿವಿಗೆ ಅಡ್ಡ. ಹಾಗಾಗಿ ಹಂಸದ ಕೊರಳಿನಂತೆ ಬಾಗಿ ಮೇಲಿನಿಂದ ರೆಕ್ಕೆಯನ್ನು ಹಿಡಿಯುವ ಕಂಬಿಗಳು ರೇಸಿನಿಂದ ಬೀದಿ ಕಾರಿಗೂ ಇಳಿದುಬಂದಿವೆ.

ಇನ್ನು ಕೋನ. ಹೆಚ್ಚು ಬಾಗಿಸಿದಷ್ಟೂ ಹೆಚ್ಚು ಒತ್ತಡ ಎಂಬುದು ಒಂದು ಹಂತದವರೆಗೆ ಮಾತ್ರ ನಿಜ. ಅದನ್ನು ಮೀರಿದರೆ ಅಡಿಯ ಗಾಳಿ ರೆಕ್ಕೆಯಿಂದ ಕಿತ್ತುಕೊಂಡು ಸುಳಿಯಾಗುತ್ತದೆ. ಆಗ ಒತ್ತಡ ಕುಸಿದು, ಹಿಂದಕ್ಕೆಳೆಯುವ ಬಲ ಮಾತ್ರ ಉಳಿಯುತ್ತದೆ. ಇದಕ್ಕೂ ಮಿಗಿಲಾಗಿ, ಮಾಡಿನಿಂದ ಇಳಿದುಬರುವ ಗಾಳಿ ರೆಕ್ಕೆಯ ನಡುಭಾಗವನ್ನು ಓರೆಯಾಗಿಯೂ ಎರಡು ತುದಿಗಳನ್ನು ಹೆಚ್ಚುಕಡಿಮೆ ನೇರವಾಗಿಯೂ ತಾಗುತ್ತದೆ. ಕೆಲವು ರೆಕ್ಕೆಗಳ ನಡುಭಾಗ ಬೇರೆ ಕೋನದಲ್ಲಿ ತಿರುಚಿಕೊಂಡಿರುವುದು ಅಲಂಕಾರಕ್ಕಲ್ಲ. ಮಾಡಿನ ಮರೆಯಲ್ಲಿ ತಗ್ಗಾಗಿ ಕೂರಿಸಿದ ರೆಕ್ಕೆಗೆ ಸಿಗುವುದು ಕಲಕಿದ ಗಾಳಿ. ಅದು ನಿಂತರೂ ಒಂದೇ, ಕಿತ್ತರೂ ಒಂದೇ.

ಕಾನೂನಿನ ಮಾತು

ಜರ್ಮನಿಯಲ್ಲಿ ಇಂಥ ಬಿಡಿಭಾಗಕ್ಕೆ ಅನುಮೋದನೆಯ ಪತ್ರ ಅಥವಾ ಪರೀಕ್ಷಾ ವರದಿ ಬೇಕು. ವರದಿ ಮಾತ್ರ ಇದ್ದರೆ ಜೋಡಿಸಿದ ಮೇಲೆ ಟ್ಯೂಫ್‌ನಂಥ ಪರೀಕ್ಷಾ ಸಂಸ್ಥೆಗೆ ಕಾರನ್ನು ತೋರಿಸಬೇಕು. ಇಲ್ಲವಾದರೆ ರಸ್ತೆಗಿಳಿಯುವ ಪರವಾನಗಿಯೇ ರದ್ದಾಗಬಹುದು. ಪಾದಚಾರಿಗೆ ತಾಗಿದರೆ ಗಾಯವಾಗದಂತೆ ಕಾರಿನ ಹೊರ ಅಂಚುಗಳು ದುಂಡಾಗಿರಬೇಕೆಂಬುದೂ ವಿಶ್ವಸಂಸ್ಥೆಯ 26ನೇ ವಾಹನ ನಿಯಮದಲ್ಲಿದೆ.

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಸಣ್ಣ ಸ್ಪಾಯ್ಲರಿಗೂ ಉದ್ದ ರೆಕ್ಕೆಗೂ ನಡುವೆ ಗೆರೆ ಎಲ್ಲಿ ಎಂಬುದು ರಸ್ತೆಯಲ್ಲಿ ತಡೆದು ನಿಲ್ಲಿಸುವ ಅಧಿಕಾರಿಯ ಕಣ್ಣಳತೆಗೆ ಬಿಟ್ಟಂತಾಗಿರುವುದು ಕಾರುಪ್ರಿಯರ ತಕರಾರು. ವಿಮಾ ಕಂಪೆನಿಗೆ ತಿಳಿಸದೆ ಮಾಡಿದ ಬದಲಾವಣೆಯೂ ಅಪಘಾತವಾದಾಗ ಜಗ್ಗಾಟಕ್ಕೆ ಎಡೆ ಕೊಡುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿಯ ವೇಗಮಿತಿ ಗಂಟೆಗೆ 100 ಕಿ.ಮೀ. ಎಂಬುದನ್ನು ನೆನೆದರೆ, ಕಾನೂನು ಮೀರದ ಚಾಲಕನಿಗೆ ಅಲ್ಲಿ ರೆಕ್ಕೆಯಿಂದ ದಕ್ಕುವುದು ಮೇಲೆ ಹೇಳಿದ 18 ಕಿಲೊ ಮಾತ್ರ.

ಹಾಗಾಗಿ ರೆಕ್ಕೆಯ ನಿಜವಾದ ಪರೀಕ್ಷೆ ನಡೆಯುವುದು ರೇಸ್ ಟ್ರ್ಯಾಕಿನಲ್ಲಿ. ಗಾಳಿಸುರಂಗದ ಬಾಡಿಗೆ ತೆರಲಾಗದ ಹವ್ಯಾಸಿಗಳು ಅಲ್ಲಿ ಅಗ್ಗದ ಉಪಾಯವೊಂದನ್ನು ಮಾಡುತ್ತಾರೆ. ರೆಕ್ಕೆಯ ಅಡಿಗೆ ಬೆರಳುದ್ದದ ಉಣ್ಣೆಯ ಎಳೆಗಳನ್ನು ಸಾಲಾಗಿ ಟೇಪಿನಿಂದ ಅಂಟಿಸಿ, ಎದುರಿಗೊಂದು ಪುಟ್ಟ ಕ್ಯಾಮೆರಾ ಕಟ್ಟಿ ನಾಲ್ಕು ಸುತ್ತು ಓಡಿಸುತ್ತಾರೆ. ಎಳೆಗಳೆಲ್ಲ ಹಿಂದಕ್ಕೆ ನೆಟ್ಟಗೆ ಚಾಚಿಕೊಂಡಿದ್ದರೆ ಗಾಳಿ ಅಂಟಿ ಹರಿಯುತ್ತಿದೆ ಎಂದರ್ಥ. ಸುರುಳಿ ಸುತ್ತಿ ಕುಣಿಯುತ್ತಿದ್ದರೆ ರೆಕ್ಕೆ ಸೋತಿದೆ. ಆಗ ಕಾರನ್ನು ನಿಲ್ಲಿಸಿ, ಬೋಲ್ಟು ಸಡಿಲಿಸಿ, ಕೋನವನ್ನು ಒಂದೆರಡು ಡಿಗ್ರಿ ಇಳಿಸಿ, ಮತ್ತೆ ಬಿಗಿದು, ಪಾದದ ಸುತ್ತಲ ತಗಡಿನ ಮೇಲೊಮ್ಮೆ ಬೆರಳಾಡಿಸಿ ನೋಡಿ ಹೊರಡುತ್ತಾರೆ.