ಚಂದದ ಫೋಟೋ, ಹಾಳಾದ ನೆಲ

ಒಂದು ಫೋಟೋ. ಅದರಲ್ಲೊಂದು ಕಿತ್ತಳೆ ಬಣ್ಣದ ಹೊಳೆ. ಎಲ್ಲಿಯದು ಹೇಳಿ?

ಕಪ್ಪು ನೆಲದ ಮಧ್ಯೆ, ಕುಲುಮೆಯಿಂದ ಆಗಷ್ಟೇ ತೆಗೆದ ಕಬ್ಬಿಣದ ಹಾಗೆ ಹೊಳೀತಿದೆ. ಜ್ವಾಲಾಮುಖಿ ಅಲ್ಲ. ಕೆನಡಾದ ಸಡ್‌ಬರಿಯ ನಿಕಲ್ ಗಣಿ ತ್ಯಾಜ್ಯ. ಅದಿರಿನಿಂದ ನಿಕಲ್, ತಾಮ್ರ ತೆಗೆದ ಮೇಲೆ ಕಬ್ಬಿಣದ ಅಂಶ ಉಳಿಯುತ್ತೆ. ಗಾಳಿ ತಾಗಿದ್ರೆ ಅದಕ್ಕೆ ತುಕ್ಕು. ಈ ಬಣ್ಣ ಆ ತುಕ್ಕಿನದೇ.

ಫೋಟೋ ತೆಗೆದವರು ಎಡ್ವರ್ಡ್ ಬರ್ಟಿನ್‌ಸ್ಕಿ, 1996ರಲ್ಲಿ. ಅವರ ‘ಮ್ಯಾನುಫ್ಯಾಕ್ಚರ್ಡ್ ಲ್ಯಾಂಡ್‌ಸ್ಕೇಪ್ಸ್’ ಪುಸ್ತಕ ಬಂದಿದ್ದು 2003ರಲ್ಲಿ. ಕಲ್ಲು ಕ್ವಾರಿ, ತೈಲ ಬಾವಿ, ಬಾಂಗ್ಲಾದೇಶದ ಚಿತ್ತಗಾಂಗ್ ತೀರದಲ್ಲಿ ಒಡೆಯೋ ಹಡಗು, ಎಲ್ಲ ಅದರಲ್ಲಿದೆ.

ಹಾಳಾದ ನೆಲವನ್ನ ಇಷ್ಟು ಚಂದ ತೋರಿಸೋದು ಸರಿಯಾ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದ್ರೆ ಯೋಚಿಸಿ. ಕೊಳಕು ಚಿತ್ರ ಬಂದ್ರೆ ನಾವು ಬೆರಳಾಡಿಸಿ ಮುಂದೆ ಹೋಗ್ತೀವಿ. ಚಂದ ಇದ್ರೆ ನಿಲ್ತೀವಿ. ನಿಂತ ಮೇಲೆ ತಾನೇ ‘ಇದೇನು?’ ಅನ್ನೋದು? ಅಲ್ಲಿಂದ ಮುಂದೆ ತಪ್ಪಿಸಿಕೊಳ್ಳೋಕಾಗಲ್ಲ. ಯಾಕಂದ್ರೆ ನಿಕಲ್ ಹೋಗೋದು ಹೆಚ್ಚಾಗಿ ಸ್ಟೇನ್‌ಲೆಸ್ ಸ್ಟೀಲ್‌ಗೆ. ಅಂದ್ರೆ ನಮ್ಮ ಅಡುಗೆಮನೆಗೂ!

ಹಾಗಾದ್ರೆ ಬರ್ಟಿನ್‌ಸ್ಕಿ ಸಹಿ ಮಾಡಿದ ಪುಸ್ತಕದ ಪ್ರತಿಗೆ ಸಂಗ್ರಹಕಾರರು ಜಾಸ್ತಿ ದುಡ್ಡು ಕೊಡೋದು ಸರಿಯಾ? ಗಣಿ ತ್ಯಾಜ್ಯವೂ ಶೋಕಿ ವಸ್ತು ಆಯ್ತಲ್ಲ! ಈ ಆಕ್ಷೇಪ ಗಟ್ಟಿ, ಒಪ್ಪಲೇಬೇಕು. ಆದ್ರೆ ಅದು ಸಂಗ್ರಹಕಾರರ ಮೇಲಿನ ದೂರು, ಚಿತ್ರದ ಮೇಲಿನದಲ್ಲ. ಸಹಿಯಿಂದ ಚಿತ್ರಕ್ಕೆ ಏನೂ ಸೇರಲ್ಲ.

ಲೈಬ್ರರಿಯಲ್ಲಿ ಈ ಪುಸ್ತಕ ಸಿಕ್ಕರೆ ಸಹಿ ಹುಡುಕಬೇಡಿ. ಪ್ರತಿ ಚಿತ್ರದ ಜೊತೆ ಇರೋ ಊರಿನ ಹೆಸರು ಓದಿ.