ಮಿಂಚಂಚೆ, ಮೆಸೆಂಜರ್ ಮತ್ತು ನಮ್ಮ ಮನೆಗಳ ಕನ್ನಡ ಪತ್ರಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಿಂದ ವಿದ್ಯಾಭ್ಯಾಸಕ್ಕಾಗಿಯೂ ಉದ್ಯೋಗಕ್ಕಾಗಿಯೂ ಊರು ಬಿಟ್ಟು ಹೋದವರು ಮನೆಗೆ ಬರೆಯುತ್ತಿದ್ದ ಕಾಗದಗಳನ್ನು ಹಿಂದಿನವರು ಕೊಕ್ಕೆಯ ತಂತಿಗೆ ಚುಚ್ಚಿ ಗೋಡೆಗೆ ತೂಗುಹಾಕುತ್ತಿದ್ದರು. ಐವತ್ತು ಅರವತ್ತು ವರ್ಷಗಳ ಹಿಂದಿನ ಅಂತಹ ಇನ್‌ಲ್ಯಾಂಡ್ ಪತ್ರವೊಂದನ್ನು ಇಂದು ಬಿಡಿಸಿದರೆ, ಮಡಿಕೆಯಲ್ಲಿ ಸವೆದ ಒಂದೆರಡು ಸಾಲುಗಳ ಹೊರತು ಮಿಕ್ಕುದನ್ನು ನಿರಾಯಾಸವಾಗಿ ಓದಬಹುದು. ಆದರೆ 2001ರಲ್ಲಿಯೋ 2004ರಲ್ಲಿಯೋ ಅದೇ ಮನೆಗೆ ಗಣಕಯಂತ್ರದ ಮೂಲಕ ಬಂದ ಕನ್ನಡ ಪತ್ರವನ್ನು ತೆರೆದರೆ ಅನೇಕ ವೇಳೆ ಒಂದಕ್ಷರವೂ ತಿಳಿಯುವುದಿಲ್ಲ. ಕೊರಟಗೆರೆಯ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು ತಮ್ಮ ಮಗನ ಇಂತಹ ಪತ್ರಗಳ ಮುದ್ರಿತ ಹಾಳೆಗಳನ್ನು ನಮ್ಮ ಮುಂದಿಟ್ಟು, "ಇದು ಯಾವ ಲಿಪಿ, ಸ್ವಾಮಿ?" ಎಂದು ಕೇಳಿದರು. ಅಂದು ನಮ್ಮಿಂದ ಸರಿಯಾದ ಉತ್ತರವನ್ನು ಕೊಡಲಾಗಲಿಲ್ಲ. ಪ್ರಕೃತ ಲೇಖನದಲ್ಲಿ ಅದನ್ನು ಕೊಡಲು ಪ್ರಯತ್ನಿಸಿದ್ದೇವೆ.

ಮಿಂಚಂಚೆಯು ಹೆಸರಿಗೆ ತಕ್ಕಂತೆ ಅಂಚೆಯೇ ಆಗಿದೆ. ಬರೆದವರ ಪತ್ರವು ಅವರಿಗೆ ಸೇವೆಯನ್ನೊದಗಿಸುವ ಗಣಕದಿಂದ ಹೊರಟು, ಪಡೆಯುವವರಿಗೆ ಸೇವೆಯನ್ನೊದಗಿಸುವ ಗಣಕವನ್ನು ಸೇರಿ, ಅಲ್ಲಿ ಅವರ ಹೆಸರಿನ ಪೆಟ್ಟಿಗೆಯಲ್ಲಿ ಕಾದಿರುತ್ತದೆ. ಪಡೆಯುವವರು ಆ ಗಳಿಗೆಯಲ್ಲಿ ಎಚ್ಚರವಾಗಿರಬೇಕಾಗಿಲ್ಲ. 1971ರಲ್ಲಿ ಅಮೆರಿಕದ ರೇ ಟಾಮ್ಲಿನ್‌ಸನ್ನರು ಒಂದು ಗಣಕದಿಂದ ಮತ್ತೊಂದು ಗಣಕಕ್ಕೆ ಜಾಲದ ಮೂಲಕ ಇಂತಹ ಪತ್ರವನ್ನು ಕಳುಹಿಸಿದರು. ಈ ಸಾಗಣೆಯ ನಿಯಮಗಳು 1982ರಲ್ಲಿ ಯಾರು ಬೇಕಾದರೂ ಅನುಸರಿಸಬಹುದಾದ ರೀತಿಯಲ್ಲಿ ಪ್ರಕಟವಾದುವು. ಭಾರತದಲ್ಲಿ ವಿದೇಶ್ ಸಂಚಾರ್ ನಿಗಮವು 1995ರ ಆಗಸ್ಟ್ 15ರಂದು ಅಂತರ್ಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. ಮರುವರ್ಷ, ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಅವರು ಜ್ಯಾಕ್ ಸ್ಮಿತ್ತರೊಡನೆ ಹಾಟ್‌ಮೇಲನ್ನು ಆರಂಭಿಸಿದರು. ಸ್ವಂತ ಯಂತ್ರವಿಲ್ಲದವನೂ ಬಾಡಿಗೆಯ ಯಂತ್ರದ ಮುಂದೆ ಅರ್ಧ ಗಂಟೆ ಕುಳಿತು ಒಂದು ಸ್ಥಿರ ವಿಳಾಸವನ್ನು ಪಡೆಯುವುದು ಇದರಿಂದ ಸಾಧ್ಯವಾಯಿತು. ತಾಲ್ಲೂಕು ಕೇಂದ್ರಗಳ ಸೈಬರ್ ಕೆಫೆಗಳು ಬಾಳಿದುದು ಈ ಸೌಲಭ್ಯದ ಬಲದಿಂದಲೇ.

ಮನೆಯಲ್ಲಿ ಯಂತ್ರವಿದ್ದವರ ರೀತಿ ಬೇರೆಯಾಗಿತ್ತು. ಆಗ ದೂರವಾಣಿಯ ತಂತಿಯೇ ಅಂತರ್ಜಾಲದ ತಂತಿಯೂ ಆಗಿದ್ದುದರಿಂದ, ಸಂಪರ್ಕದಲ್ಲಿರುವಷ್ಟು ಹೊತ್ತೂ ಮನೆಗೆ ಯಾರ ಕರೆಯೂ ಬರುವಂತಿರಲಿಲ್ಲ. ಪ್ರತಿ ನಿಮಿಷಕ್ಕೂ ಲೆಕ್ಕವಿತ್ತು. ಆದಕಾರಣ ಔಟ್‌ಲುಕ್ ಎಕ್ಸ್‌ಪ್ರೆಸ್‌ನಂತಹ ತಂತ್ರಾಂಶದಲ್ಲಿ ಪತ್ರವನ್ನು ಮೊದಲು ನಿಧಾನವಾಗಿ ಬರೆದಿಟ್ಟು, ಬಳಿಕ ಸಂಪರ್ಕ ಸಾಧಿಸಿ, ಬರೆದುದನ್ನು ಕಳುಹಿಸಿ ಬಂದುದನ್ನು ಇಳಿಸಿಕೊಂಡು, ಕೂಡಲೇ ತಂತಿಯನ್ನು ಬಿಡಿಸುವುದು ವಾಡಿಕೆಯಾಗಿತ್ತು. ಹೀಗೆ ಇಳಿಸಿಕೊಂಡ ಪತ್ರದ ಪ್ರತಿಯನ್ನು ಆ ತಂತ್ರಾಂಶವು ದೂರದ ಗಣಕದಿಂದ ಅಳಿಸಿಬಿಡುತ್ತಿತ್ತು. ಬೇರೆ ರೀತಿ ಮಾಡಬೇಕೆಂದು ಹೇಳಿದ್ದರೆ ಮಾತ್ರ ಉಳಿಸುತ್ತಿತ್ತು. ಹೇಳಿದವರು ವಿರಳ. ಹೀಗಾಗಿ ಒಂದು ಸಂಸಾರದ ಹಲವು ವರ್ಷಗಳ ಪತ್ರವ್ಯವಹಾರವೆಲ್ಲವೂ ಮನೆಯ ಮೂಲೆಯ ಒಂದೇ ಒಂದು ಯಂತ್ರದಲ್ಲಿ ಉಳಿಯಿತು.

ತತ್‌ಕ್ಷಣ ಸಂದೇಶದ ತಂತ್ರಾಂಶಗಳು, ಎಂದರೆ ಜನರು ಮೆಸೆಂಜರ್ ಎಂದು ಕರೆಯುತ್ತಿದ್ದವು, ಸ್ವಭಾವದಲ್ಲಿ ಪತ್ರಕ್ಕಿಂತ ಜಗಲಿಯ ಮಾತಿಗೆ ಹತ್ತಿರವಾದುವು. 1996ರಲ್ಲಿ ಐಸಿಕ್ಯೂ, 1998ರಲ್ಲಿ ಯಾಹೂ, 1999ರಲ್ಲಿ ಎಂಎಸ್ಎನ್ ಈ ವರ್ಗದ ತಂತ್ರಾಂಶಗಳನ್ನು ಹೊರತಂದುವು. ತನ್ನವರು ಈಗ ಯಂತ್ರದ ಮುಂದಿದ್ದಾರೆಯೇ ಇಲ್ಲವೇ ಎಂಬುದನ್ನು ಹೆಸರಿನ ಪಕ್ಕದ ಚಿಹ್ನೆಯೊಂದು ಬೆಳಗಿ ತಿಳಿಸುತ್ತಿತ್ತು. ಇದರಿಂದ ಎರಡು ಮನೆಗಳ ಗಡಿಯಾರಗಳನ್ನು ಹೊಂದಿಸಬೇಕಾದ ಅಗತ್ಯ ಹುಟ್ಟಿತು. ಮಧುಗಿರಿಯಲ್ಲಿ ರಾತ್ರಿ ಎಂಟು ಗಂಟೆಯಾದಾಗ ಕ್ಯಾಲಿಫೋರ್ನಿಯಾದಲ್ಲಿ ಬೇಸಗೆಯಾದರೆ ಬೆಳಗಿನ ಏಳೂವರೆ, ಚಳಿಗಾಲವಾದರೆ ಆರೂವರೆ. ಇಲ್ಲಿ ಊಟದ ಹೊತ್ತು, ಅಲ್ಲಿ ಕೆಲಸಕ್ಕೆ ಹೊರಡುವ ಹೊತ್ತು. ನಡುವೆ ಇಲ್ಲಿ ವಿದ್ಯುತ್ತು ಹೋದರೆ ಅಂದಿನ ಮಾತು ಅಲ್ಲಿಗೇ ಮುಗಿಯಿತು. ಆದರೂ "ಊಟ ಆಯ್ತಾ?" ಎಂಬ ಪ್ರಶ್ನೆಗೆ ಆ ಗಳಿಗೆಯಲ್ಲೇ ಉತ್ತರ ದೊರೆಯುತ್ತಿದ್ದುದು ಸಾಮಾನ್ಯ ಸಂಗತಿಯಲ್ಲ. ಪತ್ರದಲ್ಲಿ ಯಾರೂ ಬರೆಯದಿದ್ದಂತಹ ಸಣ್ಣ ಸಣ್ಣ ಸಮಾಚಾರಗಳು ಇಲ್ಲಿ ಮೊದಲ ಬಾರಿಗೆ ಲಿಖಿತ ರೂಪವನ್ನು ಪಡೆದುವು. ಆಡುನುಡಿಯನ್ನು ಅಭ್ಯಸಿಸುವವರಿಗೆ ಇದಕ್ಕಿಂತ ಉತ್ತಮ ಸಾಮಗ್ರಿ ದೊರೆಯುವುದು ಕಷ್ಟ.

ಇನ್ನು ಲಿಪಿಯ ವಿಷಯ. ಗಣಕಯಂತ್ರವು ಅಕ್ಷರವನ್ನರಿಯದು, ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಅಂದಿನ ಯಂತ್ರಗಳಲ್ಲಿ ಒಂದು ಅಕ್ಷರಮಾಲೆಗೆ ಇದ್ದುದು 256 ಮನೆಗಳು. ಅವುಗಳಲ್ಲಿ ಮೊದಲರ್ಧವು ಇಂಗ್ಲಿಷಿಗೂ ಅದರ ಚಿಹ್ನೆಗಳಿಗೂ ಸಲ್ಲುತ್ತಿತ್ತು. 1998ರಲ್ಲಿ ಶೇಷಾದ್ರಿವಾಸು ಅವರು ನಿರ್ಮಿಸಿದ ಬರಹ, ಅನಂತರ ಸರ್ಕಾರದ ಆಶ್ರಯದಲ್ಲಿ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ, ಇವಲ್ಲದೆ ಶ್ರೀಲಿಪಿ, ಆಕೃತಿ ಮುಂತಾದುವು ಈ ಮನೆಗಳಲ್ಲಿ ರೋಮನ್ ಅಕ್ಷರಗಳ ಚಿತ್ರಗಳಿಗೆ ಬದಲಾಗಿ ಕನ್ನಡದ ತುಂಡುಗಳ ಚಿತ್ರಗಳನ್ನು ಇಟ್ಟುವು. ತಲೆಕಟ್ಟು, ಕೊಂಬು, ಒತ್ತು ಎಲ್ಲವೂ ಬೇರೆ ಬೇರೆ ತುಂಡುಗಳು. ಆ ಕಾಲಕ್ಕೆ ಇದು ಮಹೋಪಕಾರವೇ ಸರಿ. ಇವುಗಳಿಲ್ಲದಿದ್ದರೆ ಕನ್ನಡದಲ್ಲಿ ಗಣಕದ ಬರವಣಿಗೆಯೇ ಇರುತ್ತಿರಲಿಲ್ಲ. ಆದರೆ ಯಂತ್ರದೊಳಗೆ ಉಳಿದುದು ಕನ್ನಡವಲ್ಲ. ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದವನ್ನು ನುಡಿಯ ಫಾಂಟ್ ಇಲ್ಲದ ಯಂತ್ರವು ತೋರಿಸುವ ಬಗೆ ಹೀಗಿದೆ: ರೋಮನ್ನಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆಯನ್ನು ಹೊತ್ತ ಎ, ಬ್ರಿಟಿಷ್ ಪೌಂಡ್ ನಾಣ್ಯದ ಗುರುತು, ಪುನಃ ಅದೇ ಎ, ಜರ್ಮನ್ ಭಾಷೆಯ ಜೋಡಿ ಸಕಾರ, ಸಣ್ಣ ಕ್ಯೂ, ಮತ್ತೊಮ್ಮೆ ಎ. ಉಪಾಧ್ಯಾಯರ ಹಾಳೆಗಳಲ್ಲಿದ್ದ ಲಿಪಿ ಇದೇ. ಮಗನು ಬರೆದುದು ಶುದ್ಧ ಕನ್ನಡವನ್ನೇ. ಫಾಂಟ್ ಮಾತ್ರ ಅವನ ಯಂತ್ರದಲ್ಲಿ ಉಳಿಯಿತು.

ಈ ತೊಡಕಿನಿಂದ ಬೇಸತ್ತವರು, ಮುಖ್ಯವಾಗಿ ಮೆಸೆಂಜರಿನಲ್ಲಿ, ಕನ್ನಡವನ್ನು ರೋಮನ್ ಅಕ್ಷರಗಳಲ್ಲೇ ಬರೆಯತೊಡಗಿದರು. ಪಾವಗಡದ ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆಯ ಓದು ಕನ್ನಡ; ಅಲ್ಲಿಯವರು ಒಂದೇ ಸಾಲಿನಲ್ಲಿ ಎರಡನ್ನೂ ರೋಮನ್ನಿನಲ್ಲಿ ಬೆರೆಸಿ ಬರೆಯುವುದು ಸ್ವಾಭಾವಿಕವೇ ಆಗಿತ್ತು. ಈ ಬರವಣಿಗೆಗೆ ಫಾಂಟಿನ ಹಂಗಿಲ್ಲ, ನಿಜ. ಆದರೆ ಅದರಲ್ಲಿ ಹ್ರಸ್ವ ದೀರ್ಘಗಳ ಭೇದವೂ ಲ-ಳಗಳ ಭೇದವೂ ಅಳಿಯುತ್ತವೆ. ಬೆಲೆ, ಬೆಳೆ, ಬೇಳೆ ಮೂರಕ್ಕೂ ಒಂದೇ ಕಾಗುಣಿತ. ಕಡಲೆಕಾಯಿ ಬೆಳೆಯುವ ಸೀಮೆಯ ತಂದೆಯೊಬ್ಬರು, ಈ ವರ್ಷ ಅದು ಬರಲಿಲ್ಲವೆಂದು ಮಗನಿಗೆ ಹೀಗೆ ಬರೆದಿದ್ದರೆ, ಮಳೆ ಹೋಯಿತೋ ಮಾರುಕಟ್ಟೆ ಬಿದ್ದಿತೋ ಎಂಬುದನ್ನು ಇಂದು ಓದುವವನು ಬಲ್ಲನೇ? ಮಗನಿಗೆ ಅಂದು ತಿಳಿದಿರಬಹುದು. ಗ್ರಾಮಜೀವನದ ಚರಿತ್ರೆಯನ್ನು ಬರೆಯಹೊರಟವನಿಗೆ ಈ ಒಂದಕ್ಷರದ ವ್ಯತ್ಯಾಸವು ಚಿಕ್ಕದಲ್ಲ.

ಪರಿಹಾರವು ಕಾಗದದ ಮೇಲೆ ಬಹು ಹಿಂದೆಯೇ ಸಿದ್ಧವಾಗಿತ್ತು. 1991ರ ಯೂನಿಕೋಡ್ ಸಂಕೇತದಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಪ್ರತ್ಯೇಕ ಸ್ಥಾನಗಳು ದೊರೆತಿದ್ದುವು. ಇಲ್ಲಿ 'ಕನ್ನಡ' ಎಂದರೆ 3221, 3240, 3277, 3240, 3233 ಎಂಬ ಐದು ಸಂಖ್ಯೆಗಳು. ಇವು ಬೇರಾವ ಭಾಷೆಯ ಅಕ್ಷರಕ್ಕೂ ಸಲ್ಲವು. ಆದರೆ ವಿಂಡೋಸಿನಲ್ಲಿ ಕನ್ನಡಕ್ಕೆ ಎಡೆ ದೊರೆತುದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ಅದನ್ನೂ ಪ್ರತ್ಯೇಕವಾಗಿ ಅಳವಡಿಸಬೇಕಾಗಿತ್ತು. ವಿಂಡೋಸ್ 98 ಇದ್ದ ಹಳೆಯ ಯಂತ್ರಗಳಿಗೆ ಆ ಭಾಗ್ಯವಿರಲಿಲ್ಲ. ಪತ್ರಗಳು ಹೆಚ್ಚು ಹಾಳಾದುದು ಈ ನಡುಗಾಲದಲ್ಲಿ ಎಂಬುದು ನಮ್ಮ ಅಭಿಪ್ರಾಯ.

ಹಾಳಾದ ಪತ್ರಗಳಲ್ಲಿಯೂ ತರತಮವುಂಟು. ಇದನ್ನು ವಿದ್ಯಾರ್ಥಿಗಳು ಚೆನ್ನಾಗಿ ಗಮನಿಸತಕ್ಕದ್ದು. ಪರದೆಯ ಮೇಲೆ ಖಾಲಿ ಚೌಕಗಳು ಕಂಡರೆ ಸಾಮಾನ್ಯವಾಗಿ ಸಂಖ್ಯೆಗಳು ಸುರಕ್ಷಿತವಾಗಿರುತ್ತವೆ, ಫಾಂಟಿನ ಕೊರತೆ ಮಾತ್ರ. ಮೇಲೆ ಹೇಳಿದಂತಹ ವಿಚಿತ್ರ ರೋಮನ್ ಅಕ್ಷರಗಳು ಕಂಡರೆ ಪತ್ರವು ವೇಷ ಮರೆಸಿಕೊಂಡಿದೆಯೆಂದು ತಿಳಿಯಬೇಕು, ಅದನ್ನು ಬಿಡಿಸಬಹುದು. ಸಾಲುಸಾಲಾಗಿ ಬರಿಯ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ, ಸಾಗಣೆಯ ಕಾಲದಲ್ಲಿ ಯಾವುದೋ ತಂತ್ರಾಂಶವು ತನಗೆ ತಿಳಿಯದ ಪ್ರತಿಯೊಂದು ಅಕ್ಷರವನ್ನೂ ಕಿತ್ತು ಆ ಚಿಹ್ನೆಯನ್ನು ಇಟ್ಟಿದೆಯೆಂದು ಅರ್ಥ. ಆ ಪ್ರತಿಯಿಂದ ಏನೂ ದೊರೆಯದು. ಕಳುಹಿಸಿದವರ ಯಂತ್ರದಲ್ಲಿ ಮೂಲವಿದ್ದರೆ ಅದೊಂದೇ ಗತಿ.

ಮೆಸೆಂಜರಿನ ಮಾತುಗಳ ಸ್ಥಿತಿ ಇನ್ನೂ ಶೋಚನೀಯ. ಮಿಂಚಂಚೆಯ ನಿಯಮಗಳು ಬಹಿರಂಗವಾದುದರಿಂದ ಒಂದು ಸಂಸ್ಥೆ ಮುಚ್ಚಿದರೂ ಮತ್ತೊಂದು ಸಂಸ್ಥೆಯ ಮೂಲಕ ಪತ್ರ ನಡೆಯುತ್ತದೆ. ಮೆಸೆಂಜರುಗಳಾದರೋ ತಮ್ಮ ತಮ್ಮ ಕೋಟೆಯೊಳಗಿದ್ದುವು. ಯಾಹೂ ಮತ್ತು ಎಂಎಸ್ಎನ್ 2006ರಲ್ಲಿ ಕೆಲಕಾಲ ಬಾಗಿಲು ತೆರೆದು ಪರಸ್ಪರ ಮಾತಿಗೆ ಅವಕಾಶವಿತ್ತರೂ ಅದು 2012ರಲ್ಲಿ ನಿಂತಿತು. ಎಂಎಸ್ಎನ್‌ನ ಸಂದೇಶಸೇವೆಯು 2013ರಲ್ಲಿ ಬಹುತೇಕ ದೇಶಗಳಲ್ಲಿಯೂ, ಯಾಹೂ 2018ರ ಜುಲೈ 17ರಂದೂ, ಐಸಿಕ್ಯೂ 2024ರ ಜೂನ್ 26ರಂದೂ ಮುಚ್ಚಿದುವು. ಇಂದಿನ ವಾಟ್ಸ್‌ಆ್ಯಪ್ ಕೂಡ ಅಂತಹ ಕೋಟೆಯೇ ಎಂಬುದನ್ನು ಇಲ್ಲಿ ನೆನೆಯಬಹುದು. ಯಾಹೂವಿನಲ್ಲಿ ಮಾತುಗಳನ್ನು ಉಳಿಸುವ ಆಯ್ಕೆ ಮಾಡಿಕೊಂಡಿದ್ದವರ ಯಂತ್ರದಲ್ಲಿ ಅವು ಸದಸ್ಯನ ಹೆಸರನ್ನೇ ಕೀಲಿಯಾಗಿಟ್ಟು ಮರೆಮಾಚಿದ ಕಡತಗಳಾಗಿ ಈಗಲೂ ಇರಬಹುದು. ಆ ಹೆಸರು ನೆನಪಿದ್ದರೆ ಅವನ್ನು ಬಿಡಿಸಲು ಬರುತ್ತದೆ.

ಆದಕಾರಣ ಅಟ್ಟದ ಮೇಲಿನ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರ ಹಾರ್ಡ್ ಡಿಸ್ಕನ್ನು ತೆಗೆದಿರಿಸುವುದು ಮೊದಲನೆಯ ಕೆಲಸ. ಔಟ್‌ಲುಕ್ ಎಕ್ಸ್‌ಪ್ರೆಸ್ಸಿನ ಪತ್ರಗಳು ಡಿಬಿಎಕ್ಸ್ ಎಂಬ ಹೆಸರಿನ ಕಡತಗಳಲ್ಲಿ ಇರುತ್ತವೆ. ಇವನ್ನು ಮೊದಲು ಹಾಗೆಯೇ ನಕಲು ಮಾಡಿಕೊಂಡು, ನಕಲಿನ ಮೇಲೆ ಮಾತ್ರ ಕೆಲಸ ಮಾಡಬೇಕು. ಮನೆಯವರ ಅನುಮತಿಯಿಲ್ಲದೆ ತೆರೆಯಲಾಗದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ನುಡಿಯ ಸಂಕೇತವನ್ನು ಯೂನಿಕೋಡಿಗೆ ಮಾರ್ಪಡಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಆದರೆ ಅವುಗಳ ಫಲಿತವನ್ನು ಕಣ್ಣುಮುಚ್ಚಿ ಒಪ್ಪಲಾಗದು. ಹಳೆಯ ಸಂಕೇತದಲ್ಲಿ ಅರ್ಕಾವತ್ತು ಕಾಣುವಂತೆಯೇ ವ್ಯಂಜನದ ಅನಂತರ ಬರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರಣೆಯಂತೆ ಮುಂಚೆ ಬರುತ್ತದೆ. ಸೂರ್ಯ, ಕಾರ್ಯ, ವರ್ಷ ಮೊದಲಾದ ಪದಗಳನ್ನು ಒಂದೊಂದಾಗಿ ನೋಡಬೇಕು. ಪತ್ರದ ನಡುವೆ ಇಂಗ್ಲಿಷಿನಲ್ಲಿ ಬರೆದ ವಿಳಾಸವೋ ಔಷಧದ ಹೆಸರೋ ಇದ್ದರೆ, ಅದಕ್ಕೂ ಕನ್ನಡದ ತುಂಡುಗಳಿಗೂ ಇರುವ ಸಂಖ್ಯೆಗಳು ಒಂದೇ ಆದುದರಿಂದ, ಪರಿವರ್ತಕವು ಅದನ್ನೂ ಅರ್ಥವಿಲ್ಲದ ಕನ್ನಡವನ್ನಾಗಿ ಮಾಡಿಬಿಡುತ್ತದೆ. ಅಂತಹ ಎಡೆಯಲ್ಲಿ ಆ ಮನೆಯವರೊಬ್ಬರು ಪಕ್ಕದಲ್ಲಿ ಕುಳಿತಿರಬೇಕಾಗುತ್ತದೆ. ಉಪಾಧ್ಯಾಯರ ಹಾಳೆಗಳಲ್ಲಿ ನಾವು ಒಂದು ಹಾಳೆಯನ್ನು ಪೂರ್ತಿಯಾಗಿ ಬಿಡಿಸಿದ್ದೇವೆ. ಎರಡನೆಯದರಲ್ಲಿ ನಾಲ್ಕು ಸಾಲುಗಳು ಬಾಕಿ ಉಳಿದಿವೆ.